ಕೂಲರಿಗೆ ಶ್ರುತಿ ಸೇರಿಸಿದವನು

ಶರಣಬಸಪ್ಪ ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡೇ ಇರುತ್ತಿದ್ದ. ಅದರಿಂದಾಗಿ ದಿನಕ್ಕೆರಡು ಸಲವಾದರೂ ನೀರಿನ ಬಕೀಟಿಗೆ ಎಡವುತ್ತಿದ್ದ. ಎಡವಿದ ಮೇಲೂ ಕನ್ನಡಕ ತೆಗೆಯುತ್ತಿರಲಿಲ್ಲ, ಬಕೀಟನ್ನು ಬೈಯುತ್ತಿದ್ದ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಇದನ್ನೆಲ್ಲ ಅವನು ಬದುಕಿದ್ದಾಗ ಎದುರಿಗೇ ಆಡಿದ್ದೇನೆ, ಆದ್ದರಿಂದ ಮುಂದುವರಿಸಲು ನನಗೇನೂ ಸಂಕೋಚವಿಲ್ಲ.

ಹೈದರಾಬಾದಿನಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು ತೆರೆಯುತ್ತಿದ್ದ ಕಾಲ ಅದು. ನಾನು ಬೇಗಂಪೇಟೆಯ ಒಂದು ಕಚೇರಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಆಡಿದ್ದನ್ನು ಟೈಪ್ ಮಾಡುತ್ತಿದ್ದೆ. ಮಾತುಗಳನ್ನು ಉಳಿಸಿಕೊಂಡು, ಅವರ ಕೆಮ್ಮು, ಆಕಳಿಕೆ, ಉಸಿರುಗಳನ್ನು ಕೈಬಿಡುವುದು ನನ್ನ ಕೆಲಸ. ಶರಣು ಕಾಚಿಗೂಡದಲ್ಲಿ ನಮ್ಮ ಮೇಲಿನ ಮಹಡಿಯವನು. ನಮ್ಮಂತೆಯೇ ರಾಯಚೂರು ಕಡೆಯ ಮನೆತನ. ಓಣಿಯ ಹುಡುಗರೆಲ್ಲ ಜಾವಾ ಕಲಿಯುತ್ತಿದ್ದಾಗ, ಇವನು ಕ್ಲಾಸಿಗೆಂದು ಅಪ್ಪ ಕೊಟ್ಟ ಹಣದಲ್ಲಿ ಎರಡು ಹಳೆಯ ಸಿಂಥಸೈಸರ್ ಹೊತ್ತುಕೊಂಡು ಬಂದ. ನಾಲ್ಕು ಗುಂಡಿ ತಿರುಗಿಸಿ ಕಪ್ಪೆ ನುಂಗಿದ ಹಾವಿನಂಥ ಸದ್ದು ಹೊರಡಿಸಿ, "ಇದು ನಾಳಿನ ಗಾನಾ ಐತಿ ನೋಡವ್ವಾ" ಅಂದ. ನಾಳೆ ಬಂತು, ಹೋಯಿತು. ಗಾನಾ ಮಾತ್ರ ಅವನ ಕೋಣೆ ಬಿಟ್ಟು ಇಳಿಯಲಿಲ್ಲ.

ನಾವು ಮೂವರು ಸೇರಿ ಕಟ್ಟಿದ ಬ್ಯಾಂಡಿಗೆ 'ಬಿಸಿಲ್ಗುದುರೆ' ಎಂದು ಹೆಸರಿಟ್ಟವನೂ ಅವನೇ. ಹಾಡುವವಳು ನಾನು. ಡ್ರಮ್ ಮಷೀನಿನ ಗುಂಡಿ ಒತ್ತುವವನು ಮೋಯಿಜ್, ನನ್ನ ಕಚೇರಿಯ ಗೆಳೆಯ. ಯಾರಾದರೂ ಮದುವೆಯಲ್ಲಿ ನುಡಿಸುತ್ತೀರಾ ಎಂದು ಕೇಳಿದರೆ ಶರಣು ಎದೆ ಸೆಟೆಸಿ, "ನಾವು ಸ್ವತಂತ್ರರು ಇದ್ದೀವ್ರಿ. ಮಾರ್ಕೆಟ್ ನಮ್ಮ ಕಡೆ ಬರಬೇಕು, ನಾವು ಮಾರ್ಕೆಟ್ ಕಡೆ ಹೋಗಂಗಿಲ್ಲ" ಅನ್ನುತ್ತಿದ್ದ. ಇದು ನಿಜ. ಬದನೆಕಾಯಿ ತರಲು ಕೂಡ ಅವನು ಮಾರ್ಕೆಟ್ಟಿಗೆ ಹೋದವನಲ್ಲ, ಮಂಡಿ ನೋವಿನ ಅವನ ಅವ್ವನೇ ಹೋಗುತ್ತಿದ್ದಳು.

ನನಗೆ ಇದರಲ್ಲಿ ಏನು ಬೇಕಿತ್ತು ಎಂದು ಹೇಳಿಬಿಡುತ್ತೇನೆ. ನನಗೆ ನನ್ನ ದನಿ ಎಲ್ಲಾದರೂ ಒಂದು ಕಡೆ ಉಳಿಯಬೇಕಿತ್ತು. ದಿನವಿಡೀ ಕಂಡರಿಯದವರ ದನಿ ಕೇಳಿ ಕೇಳಿ ಹುಟ್ಟಿದ ಆಸೆ ಅದು. ಒಂದು ಸಿ.ಡಿ., ಅದರಲ್ಲಿ ನಾನು ಬರೆದು ನಾನೇ ಹಾಡಿದ ಆರು ಕನ್ನಡ ಹಾಡು, ಅಷ್ಟೇ. ಅಷ್ಟಕ್ಕಾಗಿ ಆ ಮನುಷ್ಯನನ್ನು ಮೂರು ವರ್ಷ ಸಹಿಸಿಕೊಂಡೆ.

ರೆಕಾರ್ಡಿಂಗ್ ನಡೆಯುತ್ತಿದ್ದದ್ದು ಅವನ ಮಹಡಿಯ ತಗಡಿನ ಕೋಣೆಯಲ್ಲಿ. ಬೇಸಿಗೆಯಲ್ಲಿ ಕೂಲರ್ ನಿಲ್ಲಿಸಿದರೆ ಕಂಪ್ಯೂಟರ್ ಬಿಸಿಯಾಗಿ ಸುಮ್ಮನಾಗುತ್ತಿತ್ತು. ಹಚ್ಚಿದರೆ ಅದರ ಗುಂಯ್‌ಗುಡುವಿಕೆ ಹಾಡಿನೊಳಗೆ ಸೇರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಚಳಿಗಾಲಕ್ಕೆ ಕಾಯುತ್ತಿದ್ದರು. ಶರಣು ಒಂದು ದಿನ ಕೂಲರಿಗೆ ಕಿವಿಗೊಟ್ಟು, "ಇದು ತಂಬೂರಿ ಐತಿ ನಮ್ದು. ಎಲ್ಲಾ ಇದಕ್ಕೇ ಶ್ರುತಿ ಮಾಡೂಣು" ಅಂದ. ಎರಡೂ ಸಿಂಥಸೈಸರುಗಳನ್ನು ಕೂಲರಿನ ದನಿಗೆ ಇಳಿಸಿದ. ಆರು ಹಾಡಿಗೂ ಒಂದೇ ಶ್ರುತಿ, ಕೂಲರಿನದು. ಅದಕ್ಕೂ ಪಗಾರ ಕೊಡಬೇಕಾದೀತು ಎಂದು ಮೋಯಿಜ್ ನಕ್ಕ. ನಾನು ಹಾಡಲು ನಿಂತರೆ ಶರಣುವಿನದು ಇನ್ನೊಂದು ಕಾಟ. ಸಾಲಿಗೆ ಮುಂಚೆ ಮೂಗಿನಿಂದ ಸುಂಯ್ ಎಂದು ಉಸಿರೆಳೆಯುವುದು ನನ್ನ ಚಾಳಿ. "ಉಸರು ಕೇಳಸ್ತೈತಿ, ಮತ್ತೊಮ್ಮೆ" ಎಂದು ಒಂದೊಂದು ಸಾಲನ್ನೂ ಇಪ್ಪತ್ತು ಸಲ ಹಾಡಿಸುತ್ತಿದ್ದ. ಕೂಲರಿನ ಗದ್ದಲ ಸಂಗೀತವಂತೆ, ನನ್ನ ಉಸಿರು ಗದ್ದಲವಂತೆ!

ಕಡೆಗೆ ಊರಾಚೆಯ ಒಂದು ಕಂಪನಿ ತನ್ನ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆಯಿತು. ಕಾರ್ಯಕ್ರಮ ತಣ್ಣನೆಯ ಎ.ಸಿ. ಸಭಾಂಗಣದಲ್ಲಿ. ಶರಣು ಅಲ್ಲಿಗೂ ಕೂಲರನ್ನು ಹೊರಿಸಿದ. "ಅದು ಬ್ಯಾಂಡಿನಾಗಿನ ಮಂದಿ ಐತಿ, ಬಿಟ್ಟು ಹೋಗಂಗಿಲ್ಲ" ಎಂದು ಹಟ. ಎ.ಸಿ. ಹಾಲಿನ ವೇದಿಕೆಯ ಮೇಲೆ ತುಕ್ಕು ಹಿಡಿದ ಕೂಲರ್ ಕಂಡ ಕೂಡಲೇ ಮುಂದಿನ ಸಾಲಿನವರು ಕಿಸಕ್ಕೆಂದರು.

ಕಾಚಿಗೂಡದ ನಮ್ಮ ಕರೆಂಟು ಸೊರಗಿದ್ದು, ಅಲ್ಲಿ ನಮ್ಮ ಕೂಲರ್ ನಿಧಾನಕ್ಕೆ ಗೊಣಗುತ್ತಿತ್ತು. ಕಂಪನಿಯಲ್ಲಿ ದೊಡ್ಡ ಜನರೇಟರಿನ ಗಟ್ಟಿ ಕರೆಂಟು. ಸ್ವಿಚ್ ಒತ್ತಿದ್ದೇ ತಡ, ಕೂಲರ್ ಜೀವಮಾನದಲ್ಲಿ ಮೊದಲ ಬಾರಿ ಹೊಟ್ಟೆ ತುಂಬ ಉಂಡವರಂತೆ ಮೇಲಿನ ಶ್ರುತಿಯಲ್ಲಿ ಕೂಗತೊಡಗಿತು. ಸಿಂಥಸೈಸರುಗಳು ಕಾಚಿಗೂಡದ ಶ್ರುತಿಯಲ್ಲಿ, ಕೂಲರ್ ಕಂಪನಿಯ ಶ್ರುತಿಯಲ್ಲಿ, ನಾನು ಎರಡರ ನಡುವೆ. "ಬಂದ್ ಮಾಡೋ ಅದನ್ನ" ಎಂದು ಅಲ್ಲಿಂದಲೇ ಗದರಿದೆ. ಶರಣು ಕಪ್ಪು ಕನ್ನಡಕದಲ್ಲಿ ಮುಗುಳ್ನಗುತ್ತ ನುಡಿಸುತ್ತಲೇ ಇದ್ದ. ಜನ ಇದು ಹಾಸ್ಯದ ಐಟಂ ಎಂದು ತಿಳಿದು ಬಿದ್ದು ಬಿದ್ದು ನಕ್ಕರು. ಕೆಳಗಿಳಿದ ಮೇಲೆ ಅವನು ಹೇಳಿದ್ದು ಒಂದೇ ಮಾತು: "ಇವರ ಕರೆಂಟೇ ಸರಿ ಇಲ್ಲ." ಕುಣಿಯಲಾರದವಳು ನೆಲ ಡೊಂಕು ಅಂದಿದ್ದಳು, ಇವನಿಗೆ ಕರೆಂಟು ಡೊಂಕು.

ಅಲ್ಲಿನ ಒಬ್ಬ ಸಾಹೇಬನಿಗೆ ಮಾತ್ರ ನಮ್ಮ ಮೂರನೆಯ ಹಾಡಿನ ಧಾಟಿ ಹಿಡಿಸಿತು. ತಮ್ಮ ಸಹಾಯವಾಣಿಗೆ ಫೋನ್ ಮಾಡಿದವರು ಕಾಯುವಾಗ ಕೇಳಿಸಲು ಅದು ಬೇಕು, ಆದರೆ ಹಾಡಿದ್ದನ್ನು ತೆಗೆದುಹಾಕಿ ಅಂದ. ಮಾರ್ಕೆಟ್ ಕಡೆ ಹೋಗದ ಮಹಾನುಭಾವ ಮರುದಿನವೇ ಒಪ್ಪಿಕೊಂಡ. ನನ್ನನ್ನು ಒಂದು ಮಾತು ಕೇಳಲಿಲ್ಲ. ಮೋಯಿಜ್‌ನಿಂದ ವಿಷಯ ತಿಳಿದು ಮಹಡಿ ಹತ್ತಿ ಹೋದೆ.

"ನನ್ನ ದನಿ ಏನ್ ಮಾಡಿದಿ?"

"ತೆಗದೆ."

"ಪೂರಾ?"

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. "ಫೋನ್ ಮಾಡಿ ಕೇಳು, ತಿಳೀತೈತಿ."

ನಾನೇಕೆ ಕೇಳಲಿ? ನನ್ನನ್ನು ಅಳಿಸಿ ಹಾಕಿದ್ದಕ್ಕೆ ನಾನೇ ಫೋನ್ ಮಾಡಿ ಶಹಬ್ಬಾಸ್ ಅನ್ನಬೇಕೇ? ಅಂದೇ ಬ್ಯಾಂಡ್ ಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಅವನ ಆ ತಂಬೂರಿ ಸೋರಿ ಕಂಪ್ಯೂಟರಿನೊಳಗೆ ನೀರು ಇಳಿಯಿತು. ಉಳಿದ ಐದು ಹಾಡುಗಳೂ ನೀರುಪಾಲಾದವು. ಇನ್ನೊಂದು ಪ್ರತಿ ಇಟ್ಟುಕೋ ಎಂದು ಮೋಯಿಜ್ ನೂರು ಸಲ ಹೇಳಿದ್ದ. ಶರಣು ಕೇಳಿದ್ದರೆ ತಾನೇ!

ಎಷ್ಟೋ ವರ್ಷಗಳ ನಂತರ ಕಾಚಿಗೂಡ ಸ್ಟೇಷನ್ನಿನಲ್ಲಿ ಸಿಕ್ಕ. ಕೂದಲು ಉದುರಿತ್ತು, ಕಪ್ಪು ಕನ್ನಡಕ ಇತ್ತು. ಮಣಿಕೊಂಡದ ಅಪಾರ್ಟ್‌ಮೆಂಟುಗಳಿಗೆ ಇನ್ವರ್ಟರ್ ಮಾರುತ್ತಿದ್ದನಂತೆ. ಕರೆಂಟಿನ ಜೊತೆ ರಾಜಿಯಾದಂತೆ ಕಂಡಿತು. ರೈಲು ಹೊರಡುವಾಗ ಕಿಟಕಿಯಿಂದ ಬಗ್ಗಿ, "ಕೇಳಿದೇನು?" ಅಂದ.

"ಇಲ್ಲ" ಅಂದೆ.

"ಭಾಳ ಹಟ ನಿಂದು" ಅಂದ. ಅದೇ ಕೊನೆ.

ಹೋದ ಬೇಸಿಗೆಯಲ್ಲಿ ಅವನು ಎದೆನೋವಿನಿಂದ ಹೋದನೆಂದು ಮೋಯಿಜ್ ತಿಳಿಸಿದ. ಅದಾದ ಮೂರನೆಯ ದಿನ ಆ ಸಹಾಯವಾಣಿಗೆ ಫೋನ್ ಮಾಡಿದೆ. ಕಂಪನಿ ಕೈ ಬದಲಾಗಿದೆ, ಧಾಟಿ ಬದಲಿಸುವ ತೊಂದರೆಯನ್ನು ಯಾರೂ ತೆಗೆದುಕೊಂಡಿಲ್ಲ. ಮೊದಲು ಕೂಲರಿನ ಗುಂಯ್, ಆಮೇಲೆ ಸಿಂಥಸೈಸರ್. ಪಲ್ಲವಿ ಬರಬೇಕಾದಲ್ಲಿ ಸುಂಯ್ ಎಂದು ನನ್ನ ಉಸಿರು. ಪದ ಇಲ್ಲ. ಮುಂದಿನ ಸಾಲಿಗೂ ಹಾಗೆಯೇ, ಅದರ ಮುಂದಿನದಕ್ಕೂ. ಮಾತುಗಳನ್ನೆಲ್ಲ ತೆಗೆದು ಉಸಿರುಗಳನ್ನಷ್ಟೇ ಒಂದೂ ಬಿಡದೆ ಉಳಿಸಿದ್ದ. ಯಾವ ಸಾಹೇಬನ ಕಿವಿಗೂ ಬೀಳದೆ ಅವು ಇಷ್ಟು ವರ್ಷ ಅಲ್ಲಿದ್ದವು. ಗಾಂಪ, ಸ್ಟೇಷನ್ನಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿದ್ದರೆ ಗಂಟೇನು ಹೋಗುತ್ತಿತ್ತು!

ಆ ಕಡೆಯಿಂದ ಒಬ್ಬ ಹುಡುಗಿ, "ಚೆಪ್ಪಂಡಿ ಮೇಡಂ, ಏಮಿ ಪ್ರಾಬ್ಲಂ?" ಅಂದಳು. ಏನೂ ಪ್ರಾಬ್ಲಂ ಇಲ್ಲಮ್ಮಾ, ಇನ್ನೊಂದು ಸಲ ಕಾಯಿಸು ಎಂದು ಕೇಳಿಕೊಂಡೆ.