ಮೊಳೆಗೆ ನೇತುಹಾಕಿದ್ದ ಸಹಿ

ಎರಡು ವರ್ಷ ನಾನು ಚರಂಡಿ ಕೆಲಸ ಕೊಡುವ ಸರ್ಕಾರಿ ಇಲಾಖೆಯ ಯಾವ ಟೆಂಡರಿಗೂ ಕೈ ಹಾಕುವಂತಿಲ್ಲ. ಕಂಬಿ ಕಟ್ಟುವುದರಿಂದ ಹಿಡಿದು ಎಸ್ಟಿಮೇಟ್ ಓದುವುದರವರೆಗೆ ನನಗೆ ಎಲ್ಲ ಕಲಿಸಿದ ಹಿರಿಯರು ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ನಾನು ತೆತ್ತದ್ದು ಇಷ್ಟು. ಕಾರಣ, ಹೆಬ್ಬೆರಳಿನಷ್ಟು ಉದ್ದದ ಒಂದು ಡಿಜಿಟಲ್ ಕೀ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಗುಟ್ಟಿನ ಸಂಖ್ಯೆ ಒತ್ತಿದರೆ ಟೆಂಡರಿನ ಮೇಲೆ ನನ್ನ ಸಹಿ ಬಿದ್ದಂತೆ.

ಆ ಕೀ ನನ್ನ ಹತ್ತಿರ ಇರಲಿಲ್ಲ. ನಮ್ಮ ಕಡೆಯ ಸಣ್ಣ ಗುತ್ತಿಗೆದಾರರಲ್ಲಿ ಯಾರ ಹತ್ತಿರವೂ ಇರುತ್ತಿರಲಿಲ್ಲ. ಆಂಡರ್ಸನ್‌ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯ ಗೋಡೆಗೆ ಸಾಲಾಗಿ ಮೊಳೆ ಹೊಡೆದಿತ್ತು. ಮೊಳೆಗೊಂದು ಕೀ, ಕೀಗೊಂದು ಚೀಟಿ, ಚೀಟಿಯ ಮೇಲೆ ಗುಟ್ಟಿನ ಸಂಖ್ಯೆ. ಅಂಗಡಿಯ ಹೆಂಗಸು ತಮಿಳು, ತೆಲುಗು, ಕನ್ನಡ ಮೂರರಲ್ಲೂ ನಮ್ಮನ್ನು ಬೈಯುತ್ತಿದ್ದಳು.

"ಅಣ್ಣಾ, ನಿಮ್ ನಿಮ್ ಕೀ ತಗೊಂಡೋಗಿ. ಇದೇನ್ ಅಂಗಡೀನಾ, ಟೇಷನ್ನಾ, ಕಳ್ರ ಫೋಟೋ ತರ ಎಲ್ಲಾರ್ನೂ ಇಲ್ಲಿ ನೇತಾಕಕ್ಕೆ?"

ನಾವು ನಗುತ್ತಿದ್ದೆವು.

ಒಬ್ಬರಿಗೆ ಕೆಲಸ ಬೇಕಾದರೆ, ಪೈಪೋಟಿ ಇದ್ದಂತೆ ಕಂಡು ಅವರ ದರವೇ ಕಡಿಮೆ ಎನಿಸಲೆಂದು, ಇನ್ನಿಬ್ಬರ ಕೀ ಬಳಸಿ ಅವರ ಹೆಸರಿನಲ್ಲಿ ಹೆಚ್ಚಿನ ದರದ ಟೆಂಡರ್ ಹಾಕುವುದು ರೂಢಿ. ಅದಕ್ಕೆ ನಾವು ಸಪೋರ್ಟ್ ಎನ್ನುತ್ತಿದ್ದೆವು. ಮದುವೆಮನೆಗೆ ಪಾತ್ರೆ ಕೊಟ್ಟಷ್ಟೇ ಸಲೀಸು. ಉರಿಗಾಂನಲ್ಲಿ ಒಂದು ಚರಂಡಿ ಕೆಲಸ ಬಂದಾಗ, ಕ್ಯಾಸಂಬಳ್ಳಿ ಕಡೆಯವರಾದ ಆ ಹಿರಿಯರು ವಾಟ್ಸಾಪಿನಲ್ಲಿ ವಾಯ್ಸ್ ಕಳಿಸಿದರು: "ನಿನ್ ಕೀ ಒಂದ್ಸಲ ಆಕ್ಕಂತೀನಿ ಕಣ್ಲಾ." "ಆಕ್ಕೋ ಅಣ್ಣ" ಅಂದೆ. ನನ್ನ ಹೆಸರಿನಲ್ಲಿ ಏನೇನು ಕಾಗದ ಲಗತ್ತಿಸುತ್ತಾರೆಂದು ಕೇಳಲಿಲ್ಲ. ಮರಳಿನ ಲೋಡಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ನಾನು ಇದನ್ನು ಅರ್ಧ ನಿಮಿಷದಲ್ಲಿ ಮುಗಿಸಿದೆ.

ತಿಂಗಳಾದ ಮೇಲೆ ಇಲಾಖೆಯಿಂದ ನೋಟಿಸ್ ಬಂತು. ಮೂರೂ ಟೆಂಡರ್ ಒಂದೇ ಕಂಪ್ಯೂಟರಿನಿಂದ ಹೋಗಿವೆ. ನನ್ನ ಟೆಂಡರಿಗೆ ಲಗತ್ತಿಸಿದ ಅನುಭವ ಪ್ರಮಾಣಪತ್ರ ನಕಲಿ. ಅದು ತಾವು ಕೊಟ್ಟದ್ದೇ ಅಲ್ಲವೆಂದು ಅದರಲ್ಲಿ ಹೆಸರಿರುವ ಕಚೇರಿಯವರು ಬರೆದಿದ್ದಾರೆ. ಏಳು ದಿನದಲ್ಲಿ ವಿವರಣೆ ಕೊಡದಿದ್ದರೆ ನನ್ನ ಸಂಸ್ಥೆಯ ಪಾಲುದಾರರಿಬ್ಬರ ಮೇಲೂ ಪೊಲೀಸರಿಗೆ ದೂರು.

ಇಬ್ಬರಲ್ಲಿ ಒಬ್ಬ ನಾನು, ಇನ್ನೊಬ್ಬಳು ನನ್ನ ಹೆಂಡತಿ. ಸಂಸ್ಥೆ ನೋಂದಾಯಿಸುವಾಗ ಇನ್ನೊಂದು ಸಹಿ ಬೇಕಿತ್ತು. ಹಾಲು ಕರೆಯುತ್ತಿದ್ದವಳನ್ನು ಕೊಟ್ಟಿಗೆಯಿಂದ ಕರೆದು ಹಾಕಿಸಿದ್ದೆ.

ಡೈರಿಗೆ ಹಾಲು ಹಾಕಿ ಬಂದವಳು ನೋಟಿಸನ್ನು ಎರಡು ಸಲ ಓದಿದಳು.

"ನಾನೇನ್ ಮಾಡ್ದೆ?"

"ನೀನೇನೂ ಮಾಡಿಲ್ಲ."

"ಮತ್ತೆ ನನ್ ಎಸ್ರು ಯಾಕೈತೆ? ಟೇಷನ್ಗೆ ನಾನೂ ಬರ್ಬೇಕಾ?"

ಸಂಸ್ಥೆ ನೋಂದಾಯಿಸಿದ ಕಾಗದ ತೆಗೆದು ಅವಳ ಸಹಿ ತೋರಿಸಿದೆ.

ಮಾರನೆಯ ದಿನ ಹಿರಿಯರು ಬಾಳೆಹಣ್ಣು ಹಿಡಿದು ಮನೆಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರ ಮನೆ ಬಾಗಿಲಿಗೆ ನಾನು ಹೋಗುತ್ತಿದ್ದೆನೇ ಹೊರತು ಅವರು ಬಂದವರಲ್ಲ. ವ್ಯಾಪಾರದಲ್ಲಿ ತಾನಾಗಿ ಎದ್ದು ಬರುವವನಿಗೇ ಅವಸರ ಇರುತ್ತದೆ. ಅವರೇ ಮಾತು ತೆಗೆದರು.

"ಎದುರ್ಕಬ್ಯಾಡ್ಲಾ. ಅಂಗಡಿ ಎಂಗ್ಸು ಬ್ಯಾರೆ ಯಾರ್ದೋ ಕಾಗ್ದ ತಪ್ಪಿ ಆಕ್ಬುಟ್ಳು ಅಂತ ಬರ್ದ್‌ಕೊಟ್ಬುಡು. ಮುಂದಿನ್ ಕೆಲ್ಸ ನಿಂದೇ."

"ಆ ಸರ್ಟಿಫಿಕೇಟ್ ಎಲ್ಲಿಂದ ಬಂತಣ್ಣ?"

"ಅದೆಲ್ಲಾ ನಿಂಗ್ಯಾಕ್ಲಾ?"

ಒಳಗಿನಿಂದ ಹೆಂಡತಿಯ ದನಿ ಬಂತು: "ಜೈಲ್ಗೋಗೋರು ನಾವು. ನಮ್ಗಲ್ದೆ ಇನ್ಯಾರ್ಗಣ್ಣ?"

ಅವರು ಎದ್ದು ಹೋದರು. ಆದರೂ ಸುಳ್ಳು ಹೇಳಲಾರೆ, ಆ ಸಂಜೆ ನಾನು ಅವರು ಹೇಳಿದಂತೆಯೇ ಬರೆದೆ. ಅಂಗಡಿಯವಳ ಹೆಸರನ್ನೂ ಹಾಕಿದೆ. ಹೆಂಡತಿಯನ್ನು ಉಳಿಸಿಕೊಳ್ಳಲು ಬೇರೆ ದಾರಿ ಕಾಣಲಿಲ್ಲ.

ಆ ಹಾಳೆ ಹಿಡಿದು ಬಂಗಾರಪೇಟೆಗೆ ಹೋದೆ. ಅಲ್ಲೊಬ್ಬರು ವಯಸ್ಸಾದ ವಕೀಲರು. ಅವರ ಮನೆಯ ಮಹಡಿ ಕಟ್ಟಿದವನು ನಾನೇ. ಹಿರಿಯರ ವಾಯ್ಸಿನಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿ ಹಾಳೆ ಕೊಟ್ಟೆ. ಓದಿ, ಕನ್ನಡಕ ತೆಗೆದರು.

"ಏನ್ರೀ ಮೇಸ್ತ್ರಿ, ಆ ಸರ್ಟಿಫಿಕೇಟು ಯಾರೋ ಹೇಳಿದ ಸುಳ್ಳು. ಈ ಹಾಳೆ ನೀವೇ ಕೈಯಾರೆ ಬರೆದಿರೋದು. ಅದು ನಿಮಗೆ ಗೊತ್ತಿರಲಿಲ್ಲ ಅಂತ ವಾದ ಮಾಡ್ಬಹುದು. ಇದಕ್ಕೆ ಏನಂತ ವಾದ ಮಾಡ್ಲಿ?"

"ಕೀ ಕೊಟ್ಟಿದ್ದೂ ತಪ್ಪಲ್ವಾ ಸಾರ್?"

"ತಪ್ಪೇ. ಅದನ್ನೇ ಬರೀರಿ. ಫೋನಿನಲ್ಲಿರೋ ಆ ವಾಯ್ಸ್ ಅಳಿಸಬೇಡಿ."

ಆರನೆಯ ದಿನ ಇಂಜಿನಿಯರ್ ಕಚೇರಿಗೆ ಗಂಡಹೆಂಡತಿ ಇಬ್ಬರೂ ಹೋದೆವು. ಕೀ ಎಲ್ಲಿತ್ತು, ಯಾರು ಕೇಳಿದರು, ಏನನ್ನೂ ಕೇಳದೆ ನಾನು ಒಪ್ಪಿದ್ದು, ಅವಳಿಗೆ ಇದ್ಯಾವುದೂ ತಿಳಿಯದಿದ್ದದ್ದು, ಎಲ್ಲ ಎರಡು ಪುಟದಲ್ಲಿತ್ತು. ಗುಮಾಸ್ತರು ಪತ್ರವನ್ನು ಪಕ್ಕಕ್ಕಿಟ್ಟು, "ಸಾಹೇಬ್ರು ನೋಡ್ಲಿ, ಆಮೇಲೆ ಸೀಲ್ ಒತ್ತಿ ಕೊಡ್ತೀನಮ್ಮ" ಅಂದರು.

"ನೋಡ್ಲಿ ಸಾರ್. ಅಸು ಕರೆಯೋದು ಸಂಜೆಗೆ. ಅಲ್ಲೀಗಂಟ ಇಲ್ಲೇ ಕುಂತಿರ್ತೀನಿ" ಅಂದಳು. ಹತ್ತು ನಿಮಿಷದಲ್ಲಿ, ಪತ್ರ ತಲುಪಿದೆ ಎಂಬ ಸೀಲ್ ನಮ್ಮ ಪ್ರತಿಯ ಮೇಲೆ ಬಿತ್ತು.

ಇಲಾಖೆ ನನ್ನನ್ನು ಎರಡು ವರ್ಷ ಟೆಂಡರಿನಿಂದ ಹೊರಗಿಟ್ಟಿತು, ನಕಲಿ ಪ್ರಮಾಣಪತ್ರದ ಬಗ್ಗೆ ಪೊಲೀಸರಿಗೂ ದೂರು ಕೊಟ್ಟಿತು. ಅದರಲ್ಲಿ ನನ್ನ ಹೆಂಡತಿಯ ಹೆಸರಿಲ್ಲ. ಅಂಗಡಿಯವಳು ಹೇಳಿಕೆ ಕೊಟ್ಟು ಬಂದಳು. ಗೋಡೆಯ ಮೊಳೆಗಳನ್ನೆಲ್ಲ ಕಿತ್ತಿದ್ದಾಳೆ. ನಾನು ಸಾಕ್ಷಿಯಾಗಿ ಉಳಿಯುತ್ತೇನೋ ಆರೋಪಿಯಾಗುತ್ತೇನೋ, ತನಿಖೆ ಮುಗಿಯುವವರೆಗೆ ಗೊತ್ತಾಗುವುದಿಲ್ಲ. ಕರೆದಾಗ ಹೋಗಿ ಬರುತ್ತಿದ್ದೇನೆ.

ನೀವು ಸರ್ಕಾರಿ ಕೆಲಸ ಹಿಡಿಯುವವರಾದರೆ, ನಿಮ್ಮ ಕೀ ಯಾರ ಹತ್ತಿರವೇ ಇರಲಿ, ಇವತ್ತೇ ಹೋಗಿ ತನ್ನಿ. ಗುಟ್ಟಿನ ಸಂಖ್ಯೆ ಬದಲಿಸಿ. ಅಣ್ಣನಾಗಲಿ ಭಾವನಾಗಲಿ, ಸಪೋರ್ಟ್ ಹಾಕಬೇಡಿ. ಲಗತ್ತಿಸುವ ಒಂದೊಂದು ಹಾಳೆಯನ್ನೂ ನೀವೇ ಓದಿ. ಪ್ರಮಾಣಪತ್ರ ಕೊಟ್ಟ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ನೋಟಿಸ್ ಬಂದರೆ ಬಾಳೆಹಣ್ಣು ತಂದವರ ಮಾತಿಗಿಂತ ಮೊದಲು ವಕೀಲರ ಮಾತು ಕೇಳಿ. ಹೆಂಡತಿಯನ್ನು ಪಾಲುದಾರಳನ್ನಾಗಿ ಮಾಡಿದ್ದರೆ ಟೆಂಡರನ್ನು ಅವಳಿಗೆ ಓದಿ ಹೇಳಿ, ಆಮೇಲೆ ಹಾಕಿ. ನಮ್ಮ ಕೀ ಈಗ ನನ್ನ ಹೆಂಡತಿಯ ಬೀರುವಿನಲ್ಲಿದೆ. ಏನು ಕೆಲಸ, ಯಾವ ಕಾಗದ ಎಂದು ನಾನು ಹೇಳದೆ ಅವಳು ಕೈಗೆ ಕೊಡುವುದಿಲ್ಲ. ನೀವೂ ಹಾಗೇ ಮಾಡಿ: ಕೀ ನಿಮ್ಮ ಹೆಂಡತಿಯ ಹತ್ತಿರ ಇರಲಿ, ಸಂಖ್ಯೆ ನಿಮ್ಮ ತಲೆಯಲ್ಲಿರಲಿ.