ಬಿಳಿ ಬಣ್ಣದ ರೇಂಜ್‌ಫೈಂಡರು

ಗಾಲ್ಫ್ ಆಡುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಹುಲ್ಲಿನ ಮೇಲೆ ಚೆಂಡು ಹೊಡೆದುಕೊಂಡು ಅವರು ಸುಖವಾಗಿರಲಿ. ನನ್ನ ಸಿಟ್ಟೆಲ್ಲ ಇರುವುದು ದೂರ ಅಳೆಯುವ ಬೇಟೆಯ ರೇಂಜ್‌ಫೈಂಡರು ಕೇಳಿದವಳ ಕೈಗೆ ಗಾಲ್ಫಿನದನ್ನು ಕೊಟ್ಟು, ಹಾಗೆ ಕೊಟ್ಟದ್ದೇ ದೊಡ್ಡ ಪುಣ್ಯದ ಕೆಲಸವೆಂದುಕೊಂಡವರ ಮೇಲೆ. ಎರಡು ವರ್ಷವಾಯಿತು, ಇನ್ನೂ ಇಳಿದಿಲ್ಲ.

ನಾನು ಬೆಳಗಾವಿ ಕಡೆಯವಳು, ಈಗಿರುವುದು ಪರದೇಶದಲ್ಲಿ. ಸ್ಕಾರ್‌ಬರೋದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷಿಸುವ ಕೆಲಸ ನನ್ನದು. ದಿನವಿಡೀ ಮೈಕ್ರೊಮೀಟರು ಹಿಡಿದು ಕೂತು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ತುಂಡನ್ನೂ ಕೆಂಪು ಡಬ್ಬಿಗೆ ಎಸೆಯುತ್ತೇನೆ. ಪಕ್ಕದ ಮೇಜಿನಾಕೆ ಇಲ್ಲಿಯವಳೇ, ನನಗಿಂತ ಹತ್ತು ವರ್ಷ ದೊಡ್ಡವಳು. ಅಕ್ಸ್‌ಬ್ರಿಜ್ ದಾಟಿ ಅವಳ ಅಣ್ಣನ ಹೊಲವಿದೆ, ಅಲ್ಲಿ ಅವಳು ಜಿಂಕೆ ಬೇಟೆಯಾಡುತ್ತಾಳೆ. ಪ್ರತಿ ಚಳಿಗಾಲ ಅವಳು ತಂದುಕೊಡುತ್ತಿದ್ದ ಜಿಂಕೆ ಮಾಂಸಕ್ಕೆ ನಾನು ನಮ್ಮೂರ ಮಸಾಲೆ ಖಾರ ಹಾಕಿ ಕುದಿಸಿ ಅರ್ಧವನ್ನು ಅವಳಿಗೇ ಡಬ್ಬಿಯಲ್ಲಿ ಕೊಡುತ್ತಿದ್ದೆ. ಒಂದು ದಿನ ಅವಳು, ಇಷ್ಟು ಪ್ರೀತಿಯಿಂದ ತಿನ್ನುತ್ತೀಯಲ್ಲ, ಅದು ಹೇಗೆ ಸಾಯುತ್ತದೆ ಎಂದು ಒಮ್ಮೆಯಾದರೂ ಬಂದು ನೋಡಬಾರದೇ ಎಂದಳು. ಮಾತು ಮನಸ್ಸಿಗೆ ತಾಕಿತು. ನಲವತ್ತೆಂಟನೆಯ ವಯಸ್ಸಿನಲ್ಲಿ ಬೇಟೆಯ ತರಗತಿಗೆ ಹೋದೆ, ಪರೀಕ್ಷೆ ಬರೆದೆ, ಲೈಸೆನ್ಸು ತೆಗೆದುಕೊಂಡೆ, ಬಂದೂಕಿನಂತೆ ಹಿಡಿದು ಬಾಣ ಬಿಡುವ ಅವಳ ಹಳೆಯ ಕ್ರಾಸ್‌ಬೋದಲ್ಲಿ ಗುರಿ ಇಡುವುದನ್ನು ಕಲಿತೆ.

ಅವಳು ಕಲಿಸಿದ್ದು ಮುಖ್ಯವಾಗಿ ಒಂದೇ ಪಾಠ. ದೂರ ಗೊತ್ತಿಲ್ಲದಿದ್ದರೆ ಬಾಣ ಬಿಡಬಾರದು. ಬಾಣ ಹಾರುತ್ತ ಹಾರುತ್ತ ಕೆಳಗಿಳಿಯುತ್ತದೆ. ಅದಕ್ಕೇ ಕ್ರಾಸ್‌ಬೋದ ದುರ್ಬೀನಿನಲ್ಲಿ ಇಪ್ಪತ್ತು ಗಜಕ್ಕೊಂದು ಗೆರೆ, ಮೂವತ್ತಕ್ಕೊಂದು, ನಲವತ್ತಕ್ಕೊಂದು. ಸರಿಯಾದ ಗೆರೆ ಹಿಡಿದರೆ ಬಾಣ ಎದೆಗೆ ಹೋಗುತ್ತದೆ, ಪ್ರಾಣಿ ನಾಲ್ಕು ಹೆಜ್ಜೆ ಓಡಿ ಬೀಳುತ್ತದೆ. ಗೆರೆ ತಪ್ಪಿದರೆ ಸಾಯುವುದಿಲ್ಲ, ಗಾಯ ಹೊತ್ತು ಎಲ್ಲೋ ಹೋಗಿ ನರಳುತ್ತದೆ. ಮೊದಲ ವರ್ಷ ಕಣ್ಣಂದಾಜು ಸಾಲದೆ ನಾನು ಎರಡು ಜಿಂಕೆಗಳನ್ನು ಸುಮ್ಮನೆ ಬಿಟ್ಟು ಕಳಿಸಿದೆ. ದೂರ ಹೇಳುವ ಲೇಸರ್ ರೇಂಜ್‌ಫೈಂಡರು ನನ್ನ ಕೈಗೂ ಬರುವವರೆಗೆ ಬಾಣ ಮುಟ್ಟುವುದಿಲ್ಲವೆಂದು ತೀರ್ಮಾನಿಸಿದೆ.

ಗಂಡನ ಜೊತೆ ಅಂಗಡಿಗೆ ಹೋದೆ. ನನ್ನ ಗಂಡ ರಕ್ತ ಪರೀಕ್ಷೆಯ ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುವ ಮನುಷ್ಯ. ತಲೆ ನರೆತ ಮಾರಾಟಗಾರ ನೇರ ಅವರ ಕೈ ಕುಲುಕಿ, ನೀವು ಸಾಮಾನ್ಯವಾಗಿ ಎಷ್ಟು ದೂರದಿಂದ ಹೊಡೆಯುತ್ತೀರಿ ಎಂದು ಕೇಳಿದ. ಇವರು ಕಂಗಾಲಾಗಿ ನನ್ನ ಕಡೆ ಬೆರಳು ತೋರಿಸಿದರು. ಆತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನಿಮಗಾದರೆ ಪರ್ಸಿನಲ್ಲಿ ಹಿಡಿಯುವಂಥ ಪುಟ್ಟದೊಂದು ಇದೆ ಎಂದ. ಮೈ ಉರಿದುಹೋಯಿತು. ಪುಟ್ಟದು ಬೇಡವೆಂದಾಗ ಒಮ್ಮೆಲೇ ಎರಡು ಸಾವಿರ ಗಜ ನೋಡುವುದನ್ನು ತೆಗೆದಿಟ್ಟ. ನಲವತ್ತು ಗಜದಾಚೆ ಬಾಣವನ್ನೇ ಬಿಡದವಳಿಗೆ ಎರಡು ಸಾವಿರ ಗಜ ಏತಕ್ಕೆ? ಪಕ್ಕದ ಊರಿನ ಜಿಂಕೆ ಎಣಿಸಲೇ?

ನನಗೆ ಬೇಕಿದ್ದ ಸಂಗತಿ ಆತನಿಗೆ ಗೊತ್ತೇ ಇರಲಿಲ್ಲ. ಲೇಸರು ಅಡ್ಡ ಬಂದ ಪೊದೆಗೂ ತಾಕುತ್ತದೆ, ಪೊದೆಯ ಹಿಂದಿನ ಜಿಂಕೆಗೂ ತಾಕುತ್ತದೆ. ಎರಡರಲ್ಲಿ ಯಾವುದರ ದೂರ ತೋರಿಸಬೇಕು? ಗಾಲ್ಫಿನವರಿಗೆ ಗುಳಿಯಲ್ಲಿ ನೆಟ್ಟ ಹತ್ತಿರದ ಬಾವುಟ ಬೇಕು, ಅದರ ಹಿಂದಿನ ಮರಗಳು ಬೇಡ. ಹಾಗಾಗಿ ಅವರದು ಹತ್ತಿರದ್ದನ್ನು ಹಿಡಿಯುತ್ತದೆ. ಬೇಟೆಯದು ಪೊದೆ ಬಿಟ್ಟು ಹಿಂದಿನದನ್ನು ಹಿಡಿಯಬೇಕು. ಜೊತೆಗೆ ಮಬ್ಬು ಬೆಳಕಿನಲ್ಲಿ ಕಾಣುವಂತೆ ಅಂಕಿಗಳು ಕೆಂಪಗಿರಬೇಕು, ಮರದ ಮೇಲಿಂದ ಕೆಳಗೆ ನೋಡುವಾಗಿನ ಓರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದನ್ನೆಲ್ಲ ನಾನೇ ಮೂರು ಶನಿವಾರ ಅಂಗಡಿಯ ಬೆಂಚಿನ ಮೇಲೆ ಕೂತು, ಪೆಟ್ಟಿಗೆ ಬಿಚ್ಚಿಸಿ, ಒಳಗಿನ ಪುಸ್ತಿಕೆ ಓದಿ ತಿಳಿದುಕೊಂಡೆ. ಮೂರನೆಯ ಶನಿವಾರ ಒಂದನ್ನು ಆರಿಸಿದೆ. ಹಸಿರುಗಂದು ಬಣ್ಣದ್ದು, ನೋಡಲು ಏನೂ ಚೆಂದವಿರಲಿಲ್ಲ.

ಅದನ್ನು ಕೊಂಡೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಷ್ಟರಲ್ಲಿ ಗೆಳತಿಗೆ ಫೋನಿನಲ್ಲಿ ಹೇಳಿದೆ. ಅವಳು ಮೈಸೂರಿನವಳು, ನಾರ್ತ್ ಯಾರ್ಕಿನಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವಳು. ಆದರೆ ನಾನು ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ಎರಡು ಬಸ್ಸು ಬದಲಿಸಿ ಊಟ ತಂದವಳೂ ಅವಳೇ.

"ಅಯ್ಯೋ ಅಕ್ಕ, ನೀವು ತಗೋಬೇಡಿ. ಮುಂದಿನ ತಿಂಗಳು ನಿಮ್ಮ ಫಿಫ್ಟಿಯತ್ ಅಲ್ವಾ? ನಾವೆಲ್ಲಾ ಸೇರಿ ಅದನ್ನೇ ಕೊಡ್ತೀವಿ. ಮಾಡೆಲ್ ನಂಬರ್ ಮೆಸೇಜ್ ಮಾಡಿ ಸಾಕು" ಎಂದಳು.

ಒಂದಕ್ಷರವೂ ತಪ್ಪದಂತೆ ನೋಡಿಕೊಂಡು ನಂಬರು ಕಳಿಸಿದೆ.

ಹುಟ್ಟುಹಬ್ಬ ಅವಳ ಅಪಾರ್ಟ್‌ಮೆಂಟಿನ ಪಾರ್ಟಿ ರೂಮಿನಲ್ಲಿ ಆಯಿತು. ನಮ್ಮ ಕನ್ನಡ ಬಳಗದ ಇಪ್ಪತ್ತು ಜನ, ಬಿಸಿಬೇಳೆ ಬಾತು, ಚಿರೋಟಿ. ಹೊಳೆಯುವ ಕಾಗದ ಹರಿದು ಪೆಟ್ಟಿಗೆ ತೆಗೆದೆ. ಒಳಗೆ ಹಾಲಿನಂಥ ಬಿಳಿ ಬಣ್ಣದ ರೇಂಜ್‌ಫೈಂಡರು, ಪಕ್ಕದಲ್ಲಿ ಒಂದು ಪುಟ್ಟ ಬಾವುಟದ ಚಿತ್ರ.

"ಅದೇ ಕಂಪನಿ ಅಕ್ಕ, ಅದೇ ಲೇಸರ್" ಎಂದು ಗೆಳತಿ ಅವಸರದಲ್ಲಿ ಹೇಳಿದಳು. "ಆದ್ರೆ ಹಂಟಿಂಗ್ ಅಂತ ಬರ್ದಿರೋದನ್ನ ನಮ್ಮ ಕೈಯಾರೆ ಕೊಡೋಕೆ ಯಾರಿಗೂ ಮನಸ್ಸಾಗ್ಲಿಲ್ಲ. ಆ ಪಾಪ ನಮಗ್ಯಾಕೆ ಅಂತ. ಇದು ನೋಡೋಕೂ ನೀಟಾಗಿದೆ. ಯಾರಿಗೆ ಗೊತ್ತು, ನೀವು ಗಾಲ್ಫೇ ಕಲೀಬಹುದು!"

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಛಲೋ ಐತಿ ಬಿಡ್ರಿ. ಭಾಳ ಥ್ಯಾಂಕ್ಸ್" ಎಂದೆ. ಆ ನಗು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮನೆಗೆ ಬಂದು ಪುಸ್ತಿಕೆ ಓದಿದೆ. ಹತ್ತಿರದ್ದನ್ನೇ ಹಿಡಿಯುತ್ತದೆ ಎಂದು ಸ್ಪಷ್ಟವಾಗಿ ಬರೆದಿತ್ತು, ಬದಲಿಸುವ ಗುಂಡಿಯೂ ಇರಲಿಲ್ಲ. ಮಗಳು ನನ್ನ ಭುಜದ ಮೇಲಿಂದ ಇಣುಕಿ ನೋಡಿ, "ಮಮ್ಮಿ, ಜಸ್ಟ್ ರಿಟರ್ನ್ ಇಟ್. ದಿಸ್ ಈಸಂಟ್ ದ ಒನ್ ಯು ಪಿಕ್ಡ್" ಎಂದಳು.

"ಪ್ರೀತಿಲೆ ಕೊಟ್ಟಿದ್ದನ್ನ ತಿರುಗಿ ಹೆಂಗ ಕೊಡಬೇಕವ್ವಾ? ಅವರು ಏನ್ ತಿಳ್ಕೊಂಡಾರು?"

"ದೆನ್ ಬೈ ಯುವರ್ ಓನ್."

ನಾನೇ ಒಂದು ಕೊಂಡರೆ, ಅದು ಅವರ ಕಿವಿಗೆ ಬಿದ್ದರೆ? ನಾವು ಕೊಟ್ಟಿದ್ದು ಇವಳಿಗೆ ಸಾಲಲಿಲ್ಲ ಎಂದುಕೊಂಡರೆ? ಮಗಳಿಗೆ ಇದನ್ನು ಬಿಡಿಸಿ ಹೇಳಲು ಹೋಗಲಿಲ್ಲ. ಮಾರನೆಯ ದಿನ ಕಾರ್ಖಾನೆಯ ಪಾರ್ಕಿಂಗ್ ಲಾಟಿನಲ್ಲಿ ಟೇಪು ಹಿಡಿದು ಅದನ್ನು ಪರೀಕ್ಷಿಸಿದೆ. ಇಟ್ಟಿಗೆ ಗೋಡೆ, ದೀಪದ ಕಂಬ, ಕಸದ ಡಬ್ಬ, ಎಲ್ಲಕ್ಕೂ ಕರಾರುವಾಕ್ಕಾಗಿ ಹೇಳಿತು. ಪಾರ್ಕಿಂಗ್ ಲಾಟಿನಲ್ಲಿ ಪೊದೆಗಳಿರುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಆದರೂ ನಡೆದೀತು ಎಂದು ಜೇಬಿಗೆ ಹಾಕಿಕೊಂಡೆ. ಕಾರ್ಖಾನೆಯಲ್ಲಿ ಯಾರಾದರೂ ನಡೆದೀತು ಎಂದರೆ ನಾನು ರೇಗುತ್ತೇನೆ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಸಹೋದ್ಯೋಗಿಯ ಅಣ್ಣನ ಹೊಲದ ಅಂಚಿನ ಮೇಪಲ್ ಮರಕ್ಕೆ ಕಟ್ಟಿದ ಅಟ್ಟಣಿಗೆಯ ಮೇಲೆ ಕೂತಿದ್ದೆ. ಅವಳು ಹೊಲದ ಆಚೆ ತುದಿಯಲ್ಲಿದ್ದಳು. ಒಂಬತ್ತು ಗಂಟೆಯ ಸುಮಾರಿಗೆ ಹೆಣ್ಣು ಜಿಂಕೆಯೊಂದು ಬಂದು ಕೆಂಪು ಕಡ್ಡಿಗಳ ಪೊದೆಯ ಹಿಂದೆ ನಿಂತಿತು. ಮೇಲಿಂದ ಅದರ ಎದೆ ಚೆನ್ನಾಗಿ ಕಾಣುತ್ತಿತ್ತು. ಪೊದೆಯ ತುದಿಯ ನಾಲ್ಕಾರು ಕಡ್ಡಿಗಳು ಮಾತ್ರ ನೋಟದ ಅಂಚಿಗೆ ತಾಗಿಕೊಂಡಿದ್ದವು. ಬಿಳಿ ಡಬ್ಬಿ ಕಣ್ಣಿಗಿಟ್ಟು ಗುಂಡಿ ಒತ್ತಿದೆ. ಇಪ್ಪತ್ತೆರಡು. ಮತ್ತೆ ಒತ್ತಿದೆ, ಇಪ್ಪತ್ತೆರಡು. ಮೂರನೆಯ ಸಲವೂ ಅದೇ. ಕಣ್ಣಂದಾಜು ಇನ್ನೂ ದೂರವಿದೆ ಎನ್ನುತ್ತಿತ್ತು. ಆದರೆ ಕಣ್ಣಿಗಿಂತ ಉಪಕರಣವನ್ನು ನಂಬುವುದೇ ಇಪ್ಪತ್ತು ವರ್ಷದಿಂದ ನಾನು ಅನ್ನ ತಿನ್ನುತ್ತಿರುವ ಕೆಲಸ. ಇಪ್ಪತ್ತರ ಗೆರೆ ಹಿಡಿದು ಬಾಣ ಬಿಟ್ಟೆ.

ಬಾಣ ಎದೆಯ ಕೆಳಗೆ ಹೋಗಿ ಮುಂಗಾಲಿಗೆ ಬಡಿಯಿತು. ಜಿಂಕೆ ಮುಗ್ಗರಿಸಿತು, ಎದ್ದಿತು, ಒಂದು ಕಾಲು ಜೋತಾಡಿಸಿಕೊಂಡು ಮೂರು ಕಾಲಿನ ಮೇಲೆ ಕಾಡಿನೊಳಗೆ ಓಡಿತು.

ಸಹೋದ್ಯೋಗಿ ಬಂದಳು. ಇಬ್ಬರೂ ಎಲೆಗಳ ಮೇಲಿನ ರಕ್ತದ ಹನಿ ಹುಡುಕುತ್ತ ಹೋದೆವು. ಮೊದಲು ಹೆಜ್ಜೆಗೊಂದು ಹನಿ, ಆಮೇಲೆ ಹತ್ತು ಹೆಜ್ಜೆಗೊಂದು. ದೇವದಾರುಗಳ ಜೌಗಿನ ಅಂಚಿನಲ್ಲಿ ಅದೂ ನಿಂತುಹೋಯಿತು. ಮಧ್ಯಾಹ್ನ ಮೂರರವರೆಗೆ ಮೊಣಕಾಲುದ್ದ ಕೆಸರಿನಲ್ಲಿ ಸುತ್ತು ಹಾಕಿದೆವು, ಸಿಗಲಿಲ್ಲ. ಬದುಕಿದರೂ ಬದುಕೀತು, ಹೇಳಲಾಗುವುದಿಲ್ಲ ಎಂದಳು ಅವಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ವಾಪಸು ಬಂದು ಟೇಪು ಹಿಡಿದು ಅಳೆದೆ. ಮರದಿಂದ ಪೊದೆಗೆ ಇಪ್ಪತ್ತೆರಡು ಗಜ, ಜಿಂಕೆ ನಿಂತಿದ್ದ ಜಾಗಕ್ಕೆ ಮೂವತ್ತೈದು.

ಮುಂದಿನ ಭಾನುವಾರ ಗೆಳತಿಯ ಮನೆಯಲ್ಲಿ ಬಳಗದ ಊಟವಿತ್ತು. ಹೋಗಬಾರದು ಎಂದುಕೊಂಡೇ ಹೋದೆ. ಕೋಸಂಬರಿ ಬಡಿಸುತ್ತ ಅವಳೇ ಕೇಳಿದಳು.

"ಅಕ್ಕ, ನಮ್ಮ ಗಿಫ್ಟ್ ಯೂಸ್ ಆಯ್ತಾ?"

"ಆತು. ಬಾಣ ಎದಿಗೆ ಬೀಳಲಿಲ್ಲ, ಕಾಲಿಗೆ ಬಿತ್ತು. ಜಿಂಕಿ ಸಿಗಲಿಲ್ಲ."

ಅವಳ ಮುಖ ಅರಳಿತು. "ಅಂದ್ರೆ ತಪ್ಪಿಸ್ಕೊಂಡ್ತಾ? ನೋಡಿದ್ರಾ, ನಮ್ಮ ಗಿಫ್ಟಿಂದ ಒಂದು ಜೀವ ಉಳೀತು!"

ಯಾರೋ ಚಪ್ಪಾಳೆ ಹೊಡೆದರು. ನಿಜವಾಗಿಯೂ ಹೊಡೆದರು.

"ಉಳಿದಿಲ್ರಿ" ಎಂದೆ. ದನಿ ಏರಿದ್ದು ನನಗೇ ಕೇಳಿಸಿತು. "ಕಾಲ ಮುರಕೊಂಡು ಮೂರು ಕಾಲ ಮ್ಯಾಲ ಹೋಗೇತಿ. ಅದರ ರಕ್ತಾ ಹುಡುಕೊಂತ ಇಡೀ ದಿನಾ ಕೆಸರಾಗ ತಿರುಗೀನಿ ನಾ. ನಾ ಕೇಳಿದ್ದನ್ನ ನೀವು ಕೊಟ್ಟಿದ್ರ ಅದು ಒಂದ ಬಾಣಕ್ಕ ಅಲ್ಲೇ ಬೀಳ್ತಿತ್ತು, ನೋವು ಗೊತ್ತಾಗೂದರಾಗ ಮುಗೀತಿತ್ತು. ನಿಮ್ಮ ಕೈಗೆ ಪಾಪ ಹತ್ತಬಾರದಂತ ಬಣ್ಣಾ ಬದಲಿ ಮಾಡಿದ್ರಿ. ನೀವು ಕೈ ತೊಳಕೊಂಡ್ರಿ. ಅದು ಎಲ್ಲಿ ಬಿದ್ದು ನರಳಾಕತ್ತೈತೋ ಯಾರಿಗೆ ಗೊತ್ತು?"

ಪೊದೆ, ಬಾವುಟ, ಇಪ್ಪತ್ತೆರಡು, ಮೂವತ್ತೈದು, ಎಲ್ಲವನ್ನೂ ಹೇಳಿದೆ. ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಗೆಳತಿಯೊಬ್ಬಳೇ ನನ್ನನ್ನೇ ನೋಡುತ್ತ ನಿಂತಿದ್ದಳು, ಅವಳ ಕಣ್ಣು ತುಂಬಿತ್ತು.

"ನಮಗೆ ಇದೆಲ್ಲ ಗೊತ್ತಿರ್ಲಿಲ್ಲ ಅಕ್ಕ. ಲೇಸರ್ ಅಂದ್ರೆ ಎಲ್ಲಾ ಒಂದೇ ಅನ್ಕೊಂಡ್ವಿ" ಎಂದಳು. ಕೋಸಂಬರಿಯ ಪಾತ್ರೆ ಕೆಳಗಿಟ್ಟು ಮತ್ತೆ ಕೇಳಿದಳು. "ನಿಮಗೆ ಗೊತ್ತಿತ್ತಾ, ಇದು ಆಗಲ್ಲ ಅಂತ?"

"ಗೊತ್ತಿತ್ತು."

"ಬಾಕ್ಸ್ ಓಪನ್ ಮಾಡಿದಾಗ್ಲೇ?"

"ಹೂಂ."

"ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ ಅಕ್ಕ? ಬದಲಾಯಿಸಿ ಕೊಡ್ತಿರ್ಲಿಲ್ವಾ ನಾನು?"

ಖಂಡಿತ ಬದಲಾಯಿಸಿ ಕೊಡುತ್ತಿದ್ದಳು. ಮುಖ ಸಣ್ಣ ಮಾಡಿಕೊಂಡಾದರೂ ಕೊಡುತ್ತಿದ್ದಳು. ಅವರ ಮೇಲಿನ ಸಿಟ್ಟು ನನಗೆ ಇಂದಿಗೂ ಇದೆ, ಅದು ನ್ಯಾಯವಾದ ಸಿಟ್ಟೇ. ಆದರೆ ಅವರು ತಿಳಿಯದೆ ಕೊಟ್ಟರು, ನಾನು ತಿಳಿದೂ ತೆಗೆದುಕೊಂಡೆ. ಇಪ್ಪತ್ತು ಜನರೆದುರು ಇದು ನನಗೆ ಬೇಡ ಎನ್ನಲು ನನಗೆ ಸಂಕೋಚವಾಯಿತು, ಆ ಸಂಕೋಚಕ್ಕೆ ಕಾಲು ಕಳೆದುಕೊಂಡದ್ದು ಆ ಜಿಂಕೆ.