ರಾಶಿಯಲ್ಲಿದ್ದ ನೀಲಿ ಅಂಗಿ

ಕಳೆದ ಶುಕ್ರವಾರ ಕಾಪುವಿನ ಪ್ರಾರ್ಥನಾ ಹಾಲ್‌ಗೆ ಹೋಗಿದ್ದೆ. ಪ್ರಾರ್ಥನೆಗಲ್ಲ, ತಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಎಳೆದುಕೊಂಡು ಹೋಗಲು.

ತಮ್ಮ ಸುಗುಣ ಅಲ್ಲಿಯ ಪಾಸ್ಟರ್. ಮೂರು ದಿನದಿಂದ ಅವನಿಗೆ ಎದೆ ಹಿಡಿದಂತಾಗಿ ಎಡಗೈ ಜೋಮು ಹಿಡಿಯುತ್ತಿತ್ತು. ಡಾಕ್ಟರ್ ಹನ್ನೆರಡಕ್ಕೆ ಬರಹೇಳಿದ್ದರು.

"ಉಪವಾಸ ಪ್ರಾರ್ಥನೆ ಮುಗಿಯಲಿ ಅಕ್ಕ. ದೂರದ ಅಜೆಕಾರಿನಿಂದೆಲ್ಲ ಜನ ಬಂದಿದ್ದಾರೆ" ಎಂದ.

ನಾನು ಚರ್ಚ್ ಬಿಟ್ಟು ಚಳವಳಿ ಸೇರಿದವಳು. ದೇವರ ಜೊತೆ ನನ್ನ ಜಗಳ ಹಳೆಯದು, ಅದು ಇಲ್ಲಿ ಬೇಡ. ಇದು ಜನರ ಬಗ್ಗೆ.

ಹಾಲ್ ತುಂಬಿ, ಅಂಗಳದ ಬಿಸಿಲಲ್ಲೂ ಜನ. ಗಲಾಟೆ ಇದ್ದಿದ್ದರೆ ನನಗೆ ಧೈರ್ಯ ಇರುತ್ತಿತ್ತು, ಗಲಾಟೆಯಲ್ಲೇ ಬೆಳೆದವಳು. ಇಲ್ಲಿ ಸದ್ದೇ ಇಲ್ಲ...

ಕೊನೆಗೆ ತಮ್ಮ ವೇದಿಕೆ ಇಳಿದ. ಯಾರೂ ನೂಕಲಿಲ್ಲ. ಬರೀ ಕೈಗಳು. ಒಬ್ಬರು ತೋಳು ಬಿಟ್ಟ ಕೂಡಲೇ ಇನ್ನೊಬ್ಬರು ಹಿಡಿಯುತ್ತಾರೆ. ಎಲ್ಲರದೂ ಒಂದೇ ಮೆಲುದನಿ: "ಒಂದೇ ನಿಮಿಷ ಪಾಸ್ಟರ್."

ಅವನು ಬಾಗಿಲ ಕಡೆ ನಡೆಯುತ್ತಲೇ ಇದ್ದಾನೆ. ಬಾಗಿಲು ದೂರವಾಗುತ್ತಲೇ ಇದೆ.

ಪಕ್ಕದ ಹೆಂಗಸಿಗೆ ಇವನಿಗೆ ಹುಷಾರಿಲ್ಲ ಎಂದೆ. ಆಕೆ ಪ್ರೀತಿಯಿಂದಲೇ ನಕ್ಕಳು. "ಪಾಸ್ಟರಿಗೆ ಎಂತ ಆಗುವುದುಂಟು ಮಾರಾಯ್ತಿ?"

ಕೈಗಳು ಅವನನ್ನು ಮತ್ತೆ ವೇದಿಕೆಯ ಬಳಿಗೇ ತಂದವು. ಅಲ್ಲಿ ಮೇಜಿನ ಮೇಲೆ ಬಟ್ಟೆಗಳ ರಾಶಿ. ಹಾಸಿಗೆ ಹಿಡಿದವರ ಬಟ್ಟೆಯನ್ನು ಮನೆಯವರು ತಂದಿಡುತ್ತಾರೆ, ಪಾಸ್ಟರ್ ಒಂದೊಂದನ್ನೇ ಎತ್ತಿ, ಹೆಸರು ಕೇಳಿ ಪ್ರಾರ್ಥಿಸಬೇಕು. ಅದು ಮುಗಿಯದೆ ಹೋಗುವಂತಿಲ್ಲ.

ಹನ್ನೆರಡು ದಾಟಿತು. ಬೆವರಿನಲ್ಲಿ ನೆನೆದ ತಮ್ಮ ಒಂದು ನೀಲಿ ಅಂಗಿ ಎತ್ತಿ, ಇದು ಯಾರದು ಎಂದು ಕೇಳಿದ. ಹೊಲಿಗೆ ಹಾಕಿದ ಅದರ ಕಾಲರನ್ನೇ ನೋಡುತ್ತ ನಿಂತ.

ಅವನ ಹೆಂಡತಿ ಶೀಲಾ ಎದ್ದಳು. "ನಿಮ್ಮದೇ. ನಿಮಗೆ ಪ್ರಾರ್ಥನೆ ಮಾಡುವವರು ಯಾರುಂಟು? ಅದಕ್ಕೇ ಇಟ್ಟೆ."

ತಮ್ಮ ಮೈಕ್ ತೆಗೆದುಕೊಂಡ. "ಈ ಅಂಗಿ ನನ್ನದು. ನನಗೆ ಎದೆನೋವು ಉಂಟು. ಇವತ್ತು ನೀವು ನನಗಾಗಿ ಪ್ರಾರ್ಥಿಸಿ."

ಈಗ ದಾರಿ ಬಿಡುತ್ತಾರೆ ಅಂದುಕೊಂಡೆ. ಸತ್ಯ ಹೇಳಿದರೆ ಜನ ಕೇಳುತ್ತಾರೆ ಎಂದು ಇಷ್ಟು ವರ್ಷ ಭಾಷಣ ಬಿಗಿದವಳಲ್ಲವೇ ನಾನು?

ಮುಂದಿನ ಸಾಲಿನ ಅಜ್ಜ ಒಬ್ಬರು ಮೆಲ್ಲಗೆ ಬಂದು ಆ ಅಂಗಿಯನ್ನು ಅವನ ಕೈಯಿಂದ ತೆಗೆದು ಕಣ್ಣಿಗೆ ಒತ್ತಿಕೊಂಡರು.

ಪಾಸ್ಟರ್ ತೊಟ್ಟ ಅಂಗಿಯಂತೆ... ಪಿಸುಮಾತು ಸಾಲಿನಿಂದ ಸಾಲಿಗೆ ಹರಿಯಿತು. ಅಷ್ಟೂ ಮುಖಗಳು ಅಂಗಿಯ ಕಡೆ ತಿರುಗಿದವು. ಅದು ಕೈಯಿಂದ ಕೈಗೆ, ಹಣೆಗೆ, ಮಂಡಿಗೆ, ಮಕ್ಕಳ ತಲೆಗೆ ಹೋಗುತ್ತಿದೆ. ಒಬ್ಬಳು ಗುಂಡಿ ಕಿತ್ತು ಸೆರಗಿಗೆ ಕಟ್ಟಿಕೊಂಡಳು.

ನಾವು ಮೂವರು ಜನರ ನಡುವೆಯೇ ನಡೆದು ಹೊರಗೆ ಬಂದೆವು. ಒಂದು ಕೈಯೂ ಅವನನ್ನು ಮುಟ್ಟಲಿಲ್ಲ.

ತಮ್ಮ ಬದುಕಿದ್ದಾನೆ. ರಕ್ತನಾಳ ಬ್ಲಾಕ್ ಆಗಿತ್ತು, ಸ್ಟೆಂಟ್ ಹಾಕಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅವನ ಫೋನಿಗೆ ಕರೆಗಳು ಬರುತ್ತಲೇ ಇವೆ, ಮುಂದಿನ ಶುಕ್ರವಾರ ಪ್ರಾರ್ಥನೆ ಉಂಟಾ ಎಂದು.

ಕಣ್ಣು ಬಿಟ್ಟವನು ನನಗೆ ಹೇಳಿದ್ದು ಒಂದೇ ಮಾತು. "ಅಕ್ಕ, ನಾನು ಹೊರಟದ್ದನ್ನು ಯಾರೂ ನೋಡಲೇ ಇಲ್ಲ ಅಲ್ವಾ?"

ಆ ಜನರನ್ನು ಬೈಯಲು ಕೂತರೆ, ನಾಯಕರನ್ನು ಹೀಗೇ ಸುತ್ತುವರಿದ ನಮ್ಮ ಚಳವಳಿಯ ಮುಖಗಳೇ ಕಣ್ಣ ಮುಂದೆ ಬಂದವು... ನೀವು ವೇದಿಕೆ ಹತ್ತಿಸಿದ ಮನುಷ್ಯನಿಗೆ ಹುಷಾರುಂಟಾ ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ?